ಮಾವನ ಸ್ಯಾಕ್ಸೋಫೋನ್

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ನನಗೆ ಕೊಟ್ಟ ವಿಷಯ ‘ಮೊಬೈಲ್ ಮತ್ತು ವಿದ್ಯಾರ್ಥಿಗಳು’. ಮೊಬೈಲಿನ ಹಾನಿಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಂಚಾಲಕರು ಹೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ತುಂಬ ಮಂದಿ ಇದ್ದಾರೆ. ನಾನು ಮೊಬೈಲಿನಲ್ಲಿ ಕಂಡದ್ದು, ಕೇಳಿದ್ದು ಹೇಳುತ್ತೇನೆ.

ನಮ್ಮ ಕಾಲಕ್ಕೆ ಸಿನಿಮಾ ಎಂದರೆ ಉಡುಪಿಯ ಕಲ್ಪನಾ, ಅಲಂಕಾರ್ ಟಾಕೀಸು. ಸಿನಿಮಾಕ್ಕೆ ಮೊದಲು ಸರಕಾರದ ಫಿಲ್ಮ್ಸ್ ಡಿವಿಷನ್‌ನವರ ಚಿತ್ರ ತೋರಿಸುತ್ತಿದ್ದರು. ಆ ಹೊತ್ತಿಗೆ ನಾವು ನೆಲಗಡಲೆ ಕೊಳ್ಳಲು ಹೊರಗೆ ಹೋಗುತ್ತಿದ್ದೆವು.

ಮುಂದೆ ಮಣಿಪಾಲದ ಮುದ್ರಣಾಲಯವೊಂದರಲ್ಲಿ ರಾತ್ರಿ ಪಾಳಿಗೆ ಸೇರಿದೆ. ಪಾಳಿ ಮುಗಿಸಿ ಬಂದರೆ ನಿದ್ದೆ ಹತ್ತುತ್ತಿರಲಿಲ್ಲ. ಪಕ್ಕದ ಕೋಣೆಯ ವಿದ್ಯಾರ್ಥಿ ಒಂದು ದಿನ, “ಅಣ್ಣಾ, ಇದು ನೋಡಿ” ಎಂದು ಯೂಟ್ಯೂಬಿನಲ್ಲಿ ಒಂದು ಕಿರುಚಿತ್ರ ತೋರಿಸಿದ. ಪ್ರಮೋದ್ ಪತಿ ಎಂಬವರು 1968ರಲ್ಲಿ ಮಾಡಿದ ‘ಎಕ್ಸ್‌ಪ್ಲೋರರ್’. ಕಥೆ ಇಲ್ಲ, ನಾಯಕ ಇಲ್ಲ. ಕುಣಿಯುವ ಯುವಕರು, ದೇವರು, ಯಂತ್ರ, ಎಲ್ಲ ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುತ್ತವೆ. ಮೊದಲ ಸಲ ತಲೆನೋವು ಬಂತು. ಮಾಡಿಸಿದ್ದು ಅದೇ ಫಿಲ್ಮ್ಸ್ ಡಿವಿಷನ್ ಎಂದು ತಿಳಿದಾಗ, ನಾನು ಕಡಲೆ ತಿನ್ನುತ್ತ ಏನೇನು ಕಳೆದುಕೊಂಡೆನೋ ಅನಿಸಿತು. ಅವರದೇ ‘ಆಬಿದ್’ (1972) ನೋಡಿದೆ. ಚಿತ್ರಕಾರ ಆಬಿದ್ ಸೂರತಿ ಒಂದು ಕೋಣೆಗೆ ಬಣ್ಣ ಬಳಿಯುತ್ತಾರೆ, ಅಷ್ಟೇ. ಆದರೆ ಜೀವವಿರುವ ಮನುಷ್ಯನನ್ನೇ ಗೊಂಬೆಯ ಹಾಗೆ ಒಂದೊಂದು ಚೌಕಟ್ಟಾಗಿ ತೆಗೆದಿದ್ದಾರೆ. ಆಮೇಲೆ ನನಗೆ ಅದರದ್ದೇ ಹುಚ್ಚು.

ಹೀಗೆ ಹುಡುಕುತ್ತಿದ್ದಾಗ ಒಂದು ರಾತ್ರಿ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ಸಿಕ್ಕಿತು. 2008ರದ್ದು. ಡ್ರಮ್, ಗಿಟಾರ್, ಮೃದಂಗ, ಪಿಟೀಲು, ಜೊತೆಗೆ ಎರಡು ಸ್ಯಾಕ್ಸೋಫೋನ್. ಒಂದು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರದ್ದು. ಇನ್ನೊಂದು ಕದ್ರಿ ಗೋಪಾಲನಾಥರದ್ದು!

ಇಲ್ಲಿ ನನ್ನ ಸೋದರಮಾವನ ವಿಷಯ ಹೇಳಬೇಕು. ಮಾವ ನೇಮಕ್ಕೆ, ಮದುವೆಗೆ, ಕಾರ್ಕಳದ ದೀಪೋತ್ಸವಕ್ಕೆ ಸ್ಯಾಕ್ಸೋಫೋನ್ ನುಡಿಸಲು ಹೋಗುತ್ತಿದ್ದವರು. ನಾನು ಒಂಬತ್ತನೆಯಲ್ಲಿದ್ದಾಗ ಒಂದು ಮೆರವಣಿಗೆ ನಮ್ಮ ಶಾಲೆಯ ಗೇಟಿನ ಮುಂದೆ ಹೋಯಿತು. ಮುಂದುಗಡೆ ಮಾವ, ಕೆನ್ನೆ ಉಬ್ಬಿಸಿಕೊಂಡು. ಹುಡುಗರು ಅವರ ಹಾಗೆ ಕೆನ್ನೆ ಉಬ್ಬಿಸಿ ನಕ್ಕರು. ನಾನೂ ನಕ್ಕೆ. ಮಾವ ನನ್ನ ಕಡೆ ನೋಡಿದರು. ನಾನು ಗುರುತಿಲ್ಲದವನ ಹಾಗೆ ತಿರುಗಿ ನಿಂತೆ.

ಗೋಪಾಲನಾಥರ ತಂದೆ ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಮಗ ಅದನ್ನು ಹಿಡಿದರು. ಆ ವಾದ್ಯದಲ್ಲಿ ಗಮಕ ಬರುವುದಿಲ್ಲ ಎನ್ನುತ್ತಿದ್ದರು. ಅದಕ್ಕಾಗಿ ವಾದ್ಯವನ್ನೇ ತಿದ್ದಿಕೊಂಡು ವರ್ಷಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಮಹಾಂತಪ್ಪ ಸಂಗೀತದ ಕಾಲೇಜಿನಲ್ಲಿದ್ದಾಗ ಅವರ ಅಣ್ಣ ತಮಾಷೆಗೆಂದು ಕೊಟ್ಟ ಧ್ವನಿಮುದ್ರಿಕೆ ಗೋಪಾಲನಾಥರದ್ದು. ತಮಾಷೆಗೆ ಕೊಟ್ಟದ್ದನ್ನು ಅವರು ಮನಸ್ಸಿಗೆ ತೆಗೆದುಕೊಂಡರು. ಅದರ ಫಲವೇ ಆ ‘ಕಿನ್ಸ್‌ಮೆನ್’. ಆ ಹೆಸರಿನ ಅರ್ಥ ರಕ್ತಸಂಬಂಧಿಗಳು ಎಂದು. ಅದು ಗೊತ್ತಾದ ಮೇಲೆ ನನಗೆ ಮಲಗಲಾಗಲಿಲ್ಲ.

ಆ ಆದಿತ್ಯವಾರ ಕಾಪುವಿಗೆ ಬಂದೆ. ಮಾವನಿಗೆ ಆಗ ದಮ್ಮು. ವಾದ್ಯ ಪೆಟ್ಟಿಗೆಯೊಳಗಿತ್ತು. ಅವರ ಕಿವಿಗೆ ಇಯರ್‌ಫೋನ್ ಇಟ್ಟೆ. ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಅವರ ಬೆರಳುಗಳು ತೊಡೆಯ ಮೇಲೆ ಓಡತೊಡಗಿದವು.

“ಕದ್ರಿಯವರದ್ದು ಕೇಳಿದ ಕೂಡಲೇ ಗೊತ್ತಾಗ್ತದೆ. ಇನ್ನೊಬ್ಬ ಯಾರು? ರಾಗ ಬಿಟ್ಟು ಹೊರಗೆ ಓಡ್ತಾನೆ. ಆದ್ರೆ ಉಸಿರು ಗಟ್ಟಿ ಉಂಟು ಮಾರಾಯ,” ಎಂದರು.

ಪೂರ್ತಿ ಕೇಳಿದರು. ಇಯರ್‌ಫೋನ್ ತೆಗೆದು ಕೊಡುವಾಗ, “ಆ ದಿನ ಗೇಟಿನ ಹತ್ತಿರ ನೀನೇ ಅಲ್ವಾ ಮಗಾ?” ಎಂದು ಕೇಳಿದರು. ಹೌದು ಮಾವ, ಎಂದೆ. ಅವರು ಮತ್ತೇನೂ ಹೇಳಲಿಲ್ಲ. ಇನ್ನೊಮ್ಮೆ ಹಾಕು ಎಂದರು.

ಮಾವ ಈಗಿಲ್ಲ. ಗೋಪಾಲನಾಥರೂ 2019ರಲ್ಲಿ ತೀರಿಕೊಂಡರು. ಇವತ್ತು ಬೆಳಿಗ್ಗೆ ನಮ್ಮ ಮೆರವಣಿಗೆಯಲ್ಲಿ ನುಡಿಸಿದ ಕಲಾವಿದರು ಊಟಕ್ಕೆ ಕಡೆಯ ಪಂಕ್ತಿಯಲ್ಲಿ ಕುಳಿತಿದ್ದರು. ಸ್ವಾಗತ ಸಮಿತಿಯವರು ಬೇಸರಿಸಬಾರದು, ಅವರನ್ನು ಒಮ್ಮೆ ಈ ವೇದಿಕೆಗೆ ಕರೆಯಬಹುದಿತ್ತು. ಸಂಜೆಯ ಕಾರ್ಯಕ್ರಮ ಇನ್ನೂ ಉಂಟಲ್ಲ.

ಮುಖ್ಯೋಪಾಧ್ಯಾಯರಲ್ಲಿ ಕೇಳಿದ್ದೇನೆ, ಒಪ್ಪಿದ್ದಾರೆ. ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ‘ಆಬಿದ್’ ತೋರಿಸಿ, ಆಮೇಲೆ ‘ಕಿನ್ಸ್‌ಮೆನ್’ ಕೇಳಿಸುತ್ತೇನೆ. ಮಕ್ಕಳ ಜೊತೆಗೆ ಊರವರೂ ಬನ್ನಿ. ಸ್ಪೀಕರ್ ನಾನೇ ತರುತ್ತೇನೆ, ಕರೆಂಟು ಹೋಗದಿದ್ದರೆ ಸಾಕು.