ಮೋಟಾರ್ ಸೈಕಲ್ಲಿನ ಗಾಲಿಗೆ ಎಷ್ಟು ಹವಾ?

ನಮ್ಮ ಹಿರಿಯರು ಚಕ್ಕಡಿ ಹೂಡುವ ಮುಂಚೆ ಅಚ್ಚಿಗೆ ಎಣ್ಣೆ ಇದೆಯೋ, ಕೀಲು ಗಟ್ಟಿ ಇದೆಯೋ ಎಂದು ನೋಡದೆ ಎತ್ತುಗಳ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಈಗ ಅರಭಾವಿ, ಮೂಡಲಗಿ, ಗೋಕಾಕ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಚಕ್ಕಡಿಯ ಎಷ್ಟೋ ಕೆಲಸವನ್ನು ಮೋಟಾರ್ ಸೈಕಲ್ಲೇ ಮಾಡುತ್ತದೆ. ಡೇರಿಗೆ ಹಾಲು, ಸಂತೆಗೆ ಕಾಯಿಪಲ್ಲೆ, ದನಗಳಿಗೆ ಮೇವು, ಮನೆಯವರನ್ನು ಕೂರಿಸಿಕೊಂಡು ಬೀಗರ ಊರಿಗೆ, ಎಲ್ಲವೂ ಅದರ ಮೇಲೆಯೇ. ಆದರೆ ಗಾಲಿಯ ಹವಾ ಮಾತ್ರ ಪಂಚರ್ ಆದಾಗಲೇ ನಮ್ಮ ನೆನಪಿಗೆ ಬರುತ್ತದೆ. ಈ ಹೊತ್ತು ಅದರ ಬಗ್ಗೆಯೇ ನಾಲ್ಕು ಮಾತು.

ಹವಾ ತುಂಬಿದ ಗಾಲಿಯನ್ನು ಬಳಕೆಗೆ ತಂದವನು ಒಬ್ಬ ದನದ ಡಾಕ್ಟರು ಎಂದರೆ ನಿಮಗೆ ಸೋಜಿಗವಾದೀತು. ಬೆಲ್‌ಫಾಸ್ಟ್ ಪಟ್ಟಣದಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬಾತ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಇದನ್ನು ಮಾಡಿ, 1888ರಲ್ಲಿ ಪೇಟೆಂಟ್ ಪಡೆದನು. ಅಂದಿನಿಂದ ಇಂದಿನವರೆಗೂ ಭಾರ ಹೊರುವುದು ಬರೀ ರಬ್ಬರಲ್ಲ, ಅದರೊಳಗಿನ ಹವಾ.

ಹವಾ ಕಡಿಮೆಯಾದರೆ ಟೈರು ಒಂದೇಸವನೆ ಮಡಚಿಕೊಂಡು ಕಾಯುತ್ತದೆ, ಎರಡೂ ಅಂಚು ಸವೆಯುತ್ತವೆ, ಪೆಟ್ರೋಲು ಹೆಚ್ಚು ಸುಡುತ್ತದೆ. ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ಹವಾ ಹೆಚ್ಚಾದರೆ ಟೈರಿನ ನಡುಭಾಗ ಮಾತ್ರ ನೆಲ ಹಿಡಿಯುತ್ತದೆ. ಆಗ ಗಾಡಿ ಕುಕ್ಕುತ್ತದೆ, ಬ್ರೇಕು ಹಾಕಿದಾಗ ಜಾರುತ್ತದೆ.

ಹಾಗಾದರೆ ಎಷ್ಟು ಹಾಕಬೇಕು ಅಂತೀರಿ? ಗಾಡಿಯ ಚೈನ್ ಕವರಿನ ಮೇಲೋ, ಹಿಂದಿನ ಗಾಲಿಯ ಹತ್ತಿರವೋ ಅಂಟಿಸಿದ ಚೀಟಿ ನೋಡಿರಿ. ಚೀಟಿ ಅಳಿಸಿಹೋಗಿದ್ದರೆ ಗಾಡಿಯ ಜೊತೆ ಕೊಟ್ಟ ಪುಸ್ತಕ ನೋಡಿರಿ. ನಮ್ಮ ಕಡೆ ಓಡಾಡುವ 100–110 ಸಿಸಿಯ ಗಾಡಿಗಳಿಗೆ ಸಾಮಾನ್ಯವಾಗಿ ಮುಂದಿನ ಗಾಲಿಗೆ 25 ಪೌಂಡಿನ ಆಸುಪಾಸು, ಹಿಂದಿನದಕ್ಕೆ ಒಬ್ಬರೇ ಇದ್ದರೆ 28ರಿಂದ 33, ಇಬ್ಬರು ಕೂತರೆ 36ರಿಂದ 41 ಪೌಂಡ್ ಇರುತ್ತದೆ. ಇದು ಅಂದಾಜು; ನಿಮ್ಮ ಗಾಡಿಯ ಚೀಟಿಯೇ ಖರೆ. ಟೈರಿನ ಮಗ್ಗುಲಲ್ಲಿ ಅಚ್ಚೊತ್ತಿದ ಅಂಕಿ ನೋಡಿ ಹಾಕಬೇಡಿರಿ. ಅದು ಆ ಟೈರು ತಡೆಯುವ ಹೆಚ್ಚಿನ ಮಿತಿ, ದಿನದ ಅಳತೆಯಲ್ಲ.

ಚೀಟಿಯಲ್ಲಿ ಎರಡು ಲೆಕ್ಕ ಇರುವುದು ಭಾರಕ್ಕಾಗಿ. ಭಾರ ಎಂದರೆ ಮನುಷ್ಯರೇ ಆಗಬೇಕೆಂದಿಲ್ಲ. 40 ಲೀಟರಿನ ಹಾಲಿನ ಕ್ಯಾನು ತುಂಬಿದರೆ ಹಾಲೇ 41 ಕಿಲೊ, ಕ್ಯಾನಿನ ತೂಕ ಬೇರೆ. ಎರಡು ಕ್ಯಾನು ತೂಗಹಾಕಿದರೆ ಒಬ್ಬ ದಪ್ಪ ಮನುಷ್ಯ ಹಿಂದೆ ಕೂತಂತೆಯೇ ಆಯಿತು. ಆದ್ದರಿಂದ ಇಬ್ಬರಿಗೆ ಹೇಳಿದ ಹವಾ ಬೇಕು.

ಇನ್ನೊಂದು ಮಾತು. ಹವಾ ಹೆಚ್ಚಿಸಿದ ಮಾತ್ರಕ್ಕೆ ಬೇಕಾದಷ್ಟು ಹೇರಬಹುದೆಂದು ತಿಳಿಯಬೇಡಿರಿ. ಟೈರಿನ ಮೇಲೆ ಅಳತೆಯ ಪಕ್ಕದಲ್ಲಿ 42 ಎಂದಿದ್ದರೆ ಆ ಟೈರು ಹೊರುವುದು 150 ಕಿಲೊ. 48 ಎಂದಿದ್ದರೆ 180 ಕಿಲೊ. ಗಾಡಿಯ ಅರ್ಧ ತೂಕ, ನಿಮ್ಮ ತೂಕದ ಬಹುಪಾಲು, ಹಿಂದಿನ ಹೇರು ಎಲ್ಲವೂ ಅದೊಂದೇ ಗಾಲಿಯ ಮೇಲೆ ಬೀಳುತ್ತವೆ. ಎರಡು ಕ್ಯಾನು ತೂಗಹಾಕಿ, ಮೇಲೊಂದು ಮೇವಿನ ಹೊರೆ, ಅದರ ಹಿಂದೆ ಒಬ್ಬ ಹುಡುಗ ಎಂದರೆ ಲೆಕ್ಕ ಮೀರಿತು. ಎರಡು ಸಲ ಹೋಗಿರಿ. ಪೆಟ್ರೋಲು ಖರ್ಚಾದೀತು, ಜೀವ ಉಳಿದೀತು.

ಹವಾ ನೋಡಬೇಕಾದದ್ದು ಗಾಲಿ ತಣ್ಣಗಿದ್ದಾಗ, ಅಂದರೆ ಬೆಳಿಗ್ಗೆ ಹೊರಡುವ ಮುಂಚೆ. ನಾನೇ ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಬೇಸಿಗೆಯ ಒಂದು ಮಧ್ಯಾಹ್ನ ನಾಲ್ಕು ಹಳ್ಳಿ ತಿರುಗಿ ಬಂದು ಹವಾ ನೋಡಿದೆ. ನಾಲ್ಕು ಪೌಂಡ್ ಹೆಚ್ಚು ತೋರಿಸಿತು. ಶಾಣ್ಯಾನ ಹಾಗೆ ಇಳಿಸಿಬಿಟ್ಟೆ. ಬಿಸಿಲಿಗೂ ಓಟಕ್ಕೂ ಹವಾ ಹಿಗ್ಗಿತ್ತು, ಅಷ್ಟೇ. ಮರುದಿನ ಬೀಜದ ಚೀಲ ಹೇರಿಕೊಂಡು ಹೊರಟರೆ ಒಂದು ತಗ್ಗಿನಲ್ಲಿ ರಿಮ್ಮು ಕಲ್ಲಿಗೆ ಬಡಿದು, ಟ್ಯೂಬಿಗೆ ಅಕ್ಕಪಕ್ಕ ಎರಡು ತೂತು ಬಿದ್ದವು. ಬಿತ್ತಲು ನಿಂತವರು ಮಧ್ಯಾಹ್ನದ ತನಕ ಕಾದರು. ಕಾದ ಗಾಲಿಯ ಹವಾ ಇಳಿಸಬಾರದೆಂದು ಅಂದು ಕಲಿತೆ.

ಹವಾ ಹಾಕುವ ಅಂಗಡಿ ದೂರವಿದ್ದರೆ ಒಂದು ಸಣ್ಣ ಹವಾ ಅಳೆಯುವ ಗೇಜು ಮನೆಯಲ್ಲಿಡಿರಿ. ಬೆಳಿಗ್ಗೆ ಐದು ಪೌಂಡ್ ಕಡಿಮೆ ಕಂಡಿತೆನ್ನಿ. ಅಂಗಡಿಗೆ ಹೋದ ಮೇಲೆ ಗಾಲಿ ಎಷ್ಟು ತೋರಿಸುತ್ತದೋ ಅದಕ್ಕೆ ಐದು ಸೇರಿಸಿ ಹಾಕಿಸಿರಿ.

ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ಜಾರುತ್ತದೆಂದು ಕೆಲವರು ಹವಾ ಬಿಡುತ್ತಾರೆ. ಹಾಗೇ ಡಾಂಬರು ರಸ್ತೆಗೆ ಬಂದರೆ ರಿಮ್ಮಿನೊಳಗೆ ಟ್ಯೂಬು ಸರಿದು ವಾಲಿನ ಬುಡ ಹರಿಯುತ್ತದೆ, ಒಮ್ಮೆಲೇ ಹವಾ ಹೋಗುತ್ತದೆ. ಕೆಸರಿನ ನಾಲ್ಕು ಮಾರು ಇಳಿದು ನೂಕುವುದೇ ಲೇಸು.

ಪಂಚರ್ ಆಗದಿದ್ದರೂ ರಬ್ಬರಿನೊಳಗಿಂದ ಹವಾ ತುಸುತುಸು ಸೋರುತ್ತಲೇ ಇರುತ್ತದೆ. ವಾಲಿನ ಟೊಪ್ಪಿಗೆ ಕಳೆಯದಂತೆ ನೋಡಿರಿ. ಸಂತೆಯ ದಿನ ಬೆಳಿಗ್ಗೆ ಹವಾ ನೋಡುವುದೆಂದು ರೂಢಿ ಮಾಡಿಕೊಂಡರೆ ವಾರಕ್ಕೊಮ್ಮೆ ತಪ್ಪದೆ ಆಗುತ್ತದೆ. ತಾಯಂದಿರೇ, ಮಗುವನ್ನೆತ್ತಿಕೊಂಡು ಹಿಂದೆ ಕೂರುವವರು ನೀವು. ಕೂರುವ ಮುಂಚೆ ‘ಹವಾ ನೋಡೀರೇನ್ರಿ?’ ಎಂದು ಒಂದು ಮಾತು ಕೇಳಿರಿ.