ವಿಮಾನ ಬಿದ್ದಾಗ ಕೇಳಬೇಕಾದ ಪ್ರಶ್ನೆ

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕನೊಬ್ಬ ವಿಮಾನ ಅಪಘಾತದ ಬಗ್ಗೆ ಏಕೆ ಮಾತನಾಡಬೇಕು ಎಂದು ತಮಗೆ ಅನ್ನಿಸಬಹುದು. ಪಿಯುಸಿಯಲ್ಲಿ ವಿಜ್ಞಾನ ಓದಿ ವಾಯುಪಡೆಗೆ ಸೇರಬೇಕೆಂಬ ಆಸೆ ಇರುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಪತ್ರಿಕೆಯಲ್ಲಿ ವಿಮಾನ ಬಿದ್ದ ಸುದ್ದಿ ಓದಿ ಬೇಡವೆನ್ನುವ ತಾಯಂದಿರೂ ಇದ್ದಾರೆ. ಯುದ್ಧದಲ್ಲಿ ಸೈನಿಕರು ಪ್ರಾಣ ಕೊಡುತ್ತಾರೆಂಬುದು ಎಲ್ಲರಿಗೂ ಗೊತ್ತು. ಆದರೆ ಶಾಂತಿಯ ದಿನಗಳಲ್ಲಿ, ಹಾರುವುದನ್ನು ಕಲಿಯುವಾಗ ಅಥವಾ ಒಂದೂರಿನಿಂದ ಇನ್ನೊಂದೂರಿಗೆ ಹೋಗುವಾಗ ತೀರಿಕೊಂಡವರ ಸಂಖ್ಯೆಯೂ ಸಣ್ಣದಲ್ಲ. ಅವರ ಬಗ್ಗೆ ನಾವು ಹೆಚ್ಚು ಮಾತನಾಡುವುದಿಲ್ಲ. ಆದ್ದರಿಂದ ಈ ವಿಷಯ ಆರಿಸಿಕೊಂಡೆ.

ವಿಮಾನ ಬಿದ್ದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಯಾರ ತಪ್ಪು?" ಉತ್ತರವೂ ಸಿದ್ಧವಾಗಿರುತ್ತದೆ: ಪೈಲಟ್ ತಪ್ಪು ಮಾಡಿರಬೇಕು. ಅದೂ ಅಲ್ಲವಾದರೆ ಹಣೆಬರಹ, ಕಿಸ್ಮತ್ ಎಂದು ಸುಮ್ಮನಾಗುತ್ತೇವೆ. ಈ ಎರಡೂ ಉತ್ತರಗಳಿಂದ ಮುಂದಿನ ವಿಮಾನ ಉಳಿಯುವುದಿಲ್ಲ. ಮುಂದಿನ ವಿಮಾನವನ್ನು ಉಳಿಸುವ ಪ್ರಶ್ನೆ ಬೇರೆಯೇ ಇದೆ: "ಇದು ಏಕೆ ಆಯಿತು?" ಮೊದಲನೆಯ ಪ್ರಶ್ನೆ ಒಬ್ಬ ಮನುಷ್ಯನ ಹತ್ತಿರ ನಿಲ್ಲುತ್ತದೆ. ಎರಡನೆಯದು ಅವನ ಹಿಂದೆ ಇದ್ದ ತರಬೇತಿ, ಯಂತ್ರ, ನಿಯಮ, ಹವಾಮಾನ ಎಲ್ಲವನ್ನೂ ತಡಕಿ ನೋಡುತ್ತದೆ.

ಮೊದಲು ತರಬೇತಿಯ ವಿಷಯ ನೋಡೋಣ. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ಇದರಲ್ಲಿ ಹೆಸರು ಮಾಡಿದೆ. ಅಲ್ಲಿಯ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. 1964ರಲ್ಲಿ 'ಕಿರಣ್' ಎಂಬ ಜೆಟ್ ತರಬೇತಿ ವಿಮಾನ ಹಾರಿತು. ಕಿರಣ್‌ನಲ್ಲಿ ಗುರು ಮತ್ತು ಶಿಷ್ಯ ಅಕ್ಕಪಕ್ಕದಲ್ಲಿ ಕೂರುತ್ತಾರೆ. ಅದರ ವೇಗ ಶಬ್ದದ ವೇಗಕ್ಕಿಂತ ಕಡಿಮೆ. ಅಲ್ಲಿ ಕಲಿತ ಅನೇಕ ಯುವಕರು ಮುಂದೆ ಮಿಗ್-21 ಯುದ್ಧವಿಮಾನ ಏರಬೇಕಾಗುತ್ತಿತ್ತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲದು. ನೆಲಕ್ಕಿಳಿಯಲು ಬರುವಾಗಲೂ ಅದರ ವೇಗ ಗಂಟೆಗೆ 300 ಕಿ.ಮೀ.ಗಿಂತ ಹೆಚ್ಚು. ಒಳಗೆ ಪೈಲಟ್ ಒಬ್ಬನೇ.

ಶಿಕ್ಷಕರಿಗೆ ಇದು ಬೇಗ ಅರ್ಥವಾಗುತ್ತದೆ. ಏಳನೇ ತರಗತಿ ಮುಗಿಸಿದ ಹುಡುಗನನ್ನು ನೇರವಾಗಿ ಪಿಯುಸಿ ಪರೀಕ್ಷೆಗೆ ಕೂರಿಸಿದರೆ ಏನಾಗುತ್ತದೆ? ಜಾಣ ಮಕ್ಕಳು ದಾಟಿಯಾರು. ದಾಟದವನನ್ನು ದಡ್ಡ ಎನ್ನುವುದು ನ್ಯಾಯವೇ? ನಡುವಿನ ಮೆಟ್ಟಿಲು ಇರಲಿಲ್ಲ ಎಂಬುದೇ ಅಲ್ಲಿಯ ನಿಜ.

ಏರ್ ಮಾರ್ಷಲ್ ಲಾ ಫಾಂಟೇನ್ ಅವರ ಸಮಿತಿ 1982ರಲ್ಲಿಯೇ ಈ ಮಾತನ್ನು ಹೇಳಿತು. ಕಿರಣ್‌ಗೂ ಯುದ್ಧವಿಮಾನಕ್ಕೂ ನಡುವೆ ಒಂದು ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕು ಎಂದು ಶಿಫಾರಸು ಮಾಡಿತು. ಯುದ್ಧವಿಮಾನಗಳ ಅಪಘಾತಗಳನ್ನು ಮತ್ತೆ ಪರಿಶೀಲಿಸಲು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಕೂತಿತು. ಅದು 1997ರಲ್ಲಿ ವರದಿ ಕೊಟ್ಟಿತು. ಕಲಾಂ ಅವರು ತಮ್ಮ ಯೌವನದಲ್ಲಿ ವಾಯುಪಡೆಯ ಪೈಲಟ್ ಆಗಲು ಹೋಗಿ, ಎಂಟು ಸ್ಥಾನಗಳಿದ್ದಾಗ ಒಂಬತ್ತನೆಯವರಾಗಿ ಹಿಂದಿರುಗಿದವರು ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿರಲಿ.

'ಹಾಕ್' ಎಂಬ ಆ ನಡುವಿನ ವಿಮಾನದ ಒಪ್ಪಂದವಾದದ್ದು 2004ರಲ್ಲಿ. ಅದು ವಾಯುಪಡೆಗೆ ಸೇರಿದ್ದು 2008ರ ಫೆಬ್ರವರಿಯಲ್ಲಿ, ನಮ್ಮದೇ ರಾಜ್ಯದ ಬೀದರ್‌ನಲ್ಲಿ. ಮೊದಲ 66 ವಿಮಾನಗಳಲ್ಲಿ 42ನ್ನು ಬೆಂಗಳೂರಿನಲ್ಲೇ ತಯಾರಿಸುವುದೆಂದು ಗೊತ್ತಾಗಿತ್ತು. ಲೆಕ್ಕ ಹಾಕಿ ನೋಡಿ. 1982ರಲ್ಲಿ ಹೇಳಿದ ಮಾತು 2008ರಲ್ಲಿ ನೆರವೇರಿತು. ನಡುವೆ 26 ವರ್ಷ. 2012ರಲ್ಲಿ ರಕ್ಷಣಾ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ, 1971ರಿಂದ ಅಲ್ಲಿಯವರೆಗೆ 482 ಮಿಗ್ ವಿಮಾನಗಳು ಅಪಘಾತಕ್ಕೀಡಾಗಿ 171 ಪೈಲಟ್‌ಗಳೂ 39 ನಾಗರಿಕರೂ ಸತ್ತರು. ಇವೆಲ್ಲಕ್ಕೂ ತರಬೇತಿಯ ಕೊರತೆಯೇ ಕಾರಣವಲ್ಲ; ಯಂತ್ರದೋಷಗಳೂ ಇದ್ದವು. ಮಿಗ್-21 ಕೂಡ 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತವಾಯಿತು. ಆದರೆ "ಏಕೆ?" ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ ತಡ ಮಾಡಿದರೆ ಅದರ ಬೆಲೆಯನ್ನು ಯಾರೋ ತಮ್ಮ ಮಗನ ರೂಪದಲ್ಲಿ ತೆರಬೇಕಾಗುತ್ತದೆ.

ಇನ್ನೊಂದು ಉದಾಹರಣೆ, ಎಚ್‌ಪಿಟಿ-32 ಅಥವಾ 'ದೀಪಕ್'. ಹೊಸ ವಿದ್ಯಾರ್ಥಿ ಮೊಟ್ಟಮೊದಲು ಏರುತ್ತಿದ್ದ ಪುಟ್ಟ ವಿಮಾನ ಇದು. ಹಾರುತ್ತಿರುವಾಗಲೇ ಇದರ ಎಂಜಿನ್ ನಿಂತುಹೋಗುವ ದೋಷ ಮತ್ತೆ ಮತ್ತೆ ಕಾಣಿಸಿತು. ಎಂಜಿನ್ ನಿಂತರೆ ಇದು ಗಾಳಿಯಲ್ಲಿ ತೇಲಿಕೊಂಡು ಬಹಳ ದೂರ ಬರುವ ವಿಮಾನವೂ ಅಲ್ಲ. ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಆಸನವೂ ಇದಕ್ಕಿರಲಿಲ್ಲ. 2009ರ ಜುಲೈನಲ್ಲಿ ಇಬ್ಬರು ಪೈಲಟ್‌ಗಳು ಸತ್ತ ಮೇಲೆ ಇದರ ಹಾರಾಟವನ್ನು ನಿಲ್ಲಿಸಲಾಯಿತು. ಅಷ್ಟರಲ್ಲಿ 17 ಅಪಘಾತಗಳಾಗಿ 19 ಮಂದಿ ಪೈಲಟ್‌ಗಳು ಹೋಗಿದ್ದರು. ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು ಬಂದು ತರಬೇತಿ ಶುರುವಾದದ್ದು 2013ರಲ್ಲಿ.

ಅದೇ 2009ರ ಮಾರ್ಚ್ 6ರಂದು ಬಿಡದಿಯ ಬಳಿ 'ಸರಸ್' ಎಂಬ ಲಘು ಸಾಗಣೆ ವಿಮಾನ ಬಿತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ ವಿಮಾನ ಅದು. ಹಾರಾಟದ ನಡುವೆ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ನಡೆದಿತ್ತು. ವಾಯುಪಡೆಯ ಮೂವರು ಅನುಭವಿ ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ತನಿಖೆಯಲ್ಲಿ ಏನು ಕಂಡಿತು? ಎಂಜಿನ್ ಮತ್ತೆ ಚಾಲೂ ಮಾಡಲು ಅವರಿಗೆ ಹೇಳಿಕೊಟ್ಟಿದ್ದ ಕ್ರಮವೇ ಸರಿಯಿರಲಿಲ್ಲ; ಸುಧಾರಿಸಿಕೊಳ್ಳಲು ಬೇಕಾದಷ್ಟು ಎತ್ತರವೂ ಇರಲಿಲ್ಲ. "ಯಾರ ತಪ್ಪು?" ಎಂದು ಕೇಳಿ ಪೈಲಟ್‌ಗಳತ್ತ ಬೆರಳು ತೋರಿಸಿದ್ದರೆ ಕಾಗದದ ಮೇಲಿದ್ದ ಆ ತಪ್ಪು ಹಾಗೆಯೇ ಉಳಿದುಬಿಡುತ್ತಿತ್ತು.

ಆದರೆ "ಏಕೆ?" ಎಂಬುದಕ್ಕೆ ಉತ್ತರ ಬೇಕಾದರೆ ಬಿದ್ದ ವಿಮಾನ ಸಿಗಬೇಕಲ್ಲವೇ? ಸೈನಿಕರನ್ನು ಸಾಗಿಸುವ ವಿಮಾನಗಳ ವಿಷಯದಲ್ಲಿ ಕಷ್ಟ ಇಲ್ಲಿಯೇ ಇದೆ. ಅವು ಹಿಮಾಲಯದ ಮೇಲೆ, ಕಾಡಿನ ಮೇಲೆ, ಸಮುದ್ರದ ಮೇಲೆ ಹೋಗುತ್ತವೆ.

1968ರ ಫೆಬ್ರವರಿ 7ರಂದು ಎಎನ್-12 ವಿಮಾನವೊಂದು 102 ಮಂದಿಯನ್ನು ಹೊತ್ತು ಚಂಡೀಗಢದಿಂದ ಲೇಹ್‌ಗೆ ಹೊರಟಿತು. ಹವಾಮಾನ ಕೆಟ್ಟದ್ದರಿಂದ ಹಿಂದಕ್ಕೆ ತಿರುಗಿತು. ರೋಹ್ತಾಂಗ್ ಕಣಿವೆದಾರಿಯ ಹತ್ತಿರ ಸಂಪರ್ಕ ಕಡಿದುಹೋಯಿತು. ಆಮೇಲೆ 35 ವರ್ಷ ಏನೂ ತಿಳಿಯಲಿಲ್ಲ. 2003ರಲ್ಲಿ ಪರ್ವತಾರೋಹಿಗಳಿಗೆ ಲಾಹೌಲ್ ಪ್ರದೇಶದ ಹಿಮನದಿಯೊಂದರಲ್ಲಿ ಅವಶೇಷಗಳು ಸಿಕ್ಕವು. ಸೇನೆ ಹುಡುಕುತ್ತಲೇ ಇತ್ತು. 2024ರಲ್ಲಿ, ಅಂದರೆ 56 ವರ್ಷಗಳ ಬಳಿಕ, ಇನ್ನೂ ನಾಲ್ವರ ದೇಹಗಳು ಸಿಕ್ಕವು. ಮಗ ಬರುತ್ತಾನೆಂದು ಕಾದ ತಾಯಿತಂದೆಯರಲ್ಲಿ ಎಷ್ಟು ಮಂದಿ ಆ ಸುದ್ದಿ ಕೇಳಲು ಉಳಿದಿದ್ದರೋ!

2016ರ ಜುಲೈ 22ರಂದು 29 ಮಂದಿಯಿದ್ದ ಎಎನ್-32 ವಿಮಾನ ಚೆನ್ನೈನ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟು ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಹಡಗುಗಳೂ ವಿಮಾನಗಳೂ ಹುಡುಕಿ ಸೋತವು. ಏಳೂವರೆ ವರ್ಷದ ನಂತರ, 2024ರ ಜನವರಿಯಲ್ಲಿ, ಅದರ ಅವಶೇಷಗಳು ಪತ್ತೆಯಾದ ಸುದ್ದಿ ಬಂತು. ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮನುಷ್ಯರಿಲ್ಲದೆ ನೀರೊಳಗೆ ಚಲಿಸುವ ಯಂತ್ರವನ್ನು ಕಳಿಸಿ, ಕರಾವಳಿಯಿಂದ ಸುಮಾರು 310 ಕಿ.ಮೀ. ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅವುಗಳ ಚಿತ್ರ ತೆಗೆದರು. ಸತ್ತವರು ಹಿಂದಿರುಗಲಿಲ್ಲ ನಿಜ. ಆದರೆ ಎಲ್ಲಿ ಹೋದರು ಎಂಬುದಾದರೂ ಆ 29 ಮನೆಗಳಿಗೆ ತಿಳಿಯಿತು. ಅದನ್ನು ತಿಳಿಸಿದ್ದು ಪ್ರಯೋಗಾಲಯದಲ್ಲಿ ಕೂತು ಕೆಲಸ ಮಾಡುವ, ನಮ್ಮ ನಿಮ್ಮಂಥ ಮನೆಗಳಿಂದ ಓದಿ ಬಂದವರು.

ಉತ್ತರ ಹುಡುಕಿದ್ದರಿಂದ ಆಗುವ ಲಾಭವೂ ನಮ್ಮ ಕಣ್ಣೆದುರಿಗೇ ಇದೆ. 2023ರ ಜೂನ್ 1ರಂದು ಚಾಮರಾಜನಗರದ ಬಳಿ ಭೋಗಾಪುರದಲ್ಲಿ ಕಿರಣ್ ವಿಮಾನವೊಂದು ಹೊಲಕ್ಕೆ ಬಿದ್ದು ಸುಟ್ಟುಹೋಯಿತು. ಒಳಗಿದ್ದ ಇಬ್ಬರೂ, ಅವರಲ್ಲೊಬ್ಬರು ಮಹಿಳೆ, ಚಿಮ್ಮುವ ಆಸನದ ಸಹಾಯದಿಂದ ಹೊರಬಂದು ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಪೈಲಟ್ ಎಷ್ಟೇ ಜಾಣನಿದ್ದರೂ ಯಂತ್ರ ಕೈಕೊಡಬಹುದೆಂದು ಮೊದಲೇ ಯೋಚಿಸಿ ಆ ಆಸನ ಮಾಡಿದವರು ಬೇರೆ ಯಾರೋ. ಆ ಇಬ್ಬರ ಪ್ರಾಣ ಉಳಿದದ್ದು ಅವರ ಯೋಚನೆಯಿಂದ.

ವಿದ್ಯಾರ್ಥಿಗಳೇ, ವಾಯುಪಡೆ ಎಂದರೆ ಪೈಲಟ್ ಮಾತ್ರವಲ್ಲ. ಎಂಜಿನ್ ಬಿಚ್ಚಿ ನೋಡುವ ತಂತ್ರಜ್ಞ, ಹವಾಮಾನ ಹೇಳುವವರು, ತನಿಖೆ ನಡೆಸುವ ಅಧಿಕಾರಿ, ನಿಯಮಗಳನ್ನು ಬರೆಯುವ ಎಂಜಿನಿಯರ್, ಸಮುದ್ರದಾಳಕ್ಕೆ ಯಂತ್ರ ಕಳಿಸುವ ವಿಜ್ಞಾನಿ, ಇವರೆಲ್ಲರೂ ಸೇರಿ ಒಂದು ವಿಮಾನವನ್ನು ಆಕಾಶದಲ್ಲಿ ಹಿಡಿದಿಟ್ಟಿರುತ್ತಾರೆ. ಈ ಎಲ್ಲ ಕೆಲಸಗಳಿಗೂ ತಳಪಾಯ ಗಣಿತ ಮತ್ತು ವಿಜ್ಞಾನ. ಜೊತೆಗೆ ಕಂಡದ್ದನ್ನು ಕಂಡ ಹಾಗೆ ಬರೆಯಬಲ್ಲ ಒಳ್ಳೆಯ ಭಾಷೆಯೂ ಬೇಕು. ತನಿಖಾ ವರದಿಯಲ್ಲಿ ಒಂದು ವಾಕ್ಯ ಅಸ್ಪಷ್ಟವಾದರೆ ಅದನ್ನು ಓದುವ ಮುಂದಿನ ಪೈಲಟ್ ದಾರಿ ತಪ್ಪಿಯಾನು.

ತಾಯಿತಂದೆಯರಿಗೆ ನನ್ನ ವಿನಂತಿ ಇಷ್ಟೆ. ಮಕ್ಕಳು ಈ ಕಡೆಗೆ ಹೋಗುತ್ತೇನೆಂದರೆ ಭಯದಿಂದ ತಡೆಯಬೇಡಿ. ಎಲ್ಲವನ್ನೂ ವಿಚಾರಿಸಿ, ತಿಳಿದುಕೊಂಡು ಕಳಿಸಿಕೊಡಿ. ಶಿಕ್ಷಕ ಮಿತ್ರರಲ್ಲಿಯೂ ಒಂದು ಮಾತು. ತರಗತಿಯಲ್ಲಿ "ಏಕೆ ಸಾರ್?" ಎಂದು ಕೇಳುವ ಹುಡುಗನನ್ನು, ಹುಡುಗಿಯನ್ನು ಸುಮ್ಮನಿರಿಸದಿರೋಣ. ನಾಳೆ ಆ ಒಂದು ಪ್ರಶ್ನೆಯಿಂದ ಯಾರದೋ ಮನೆಯ ಮಗ ಸುಖವಾಗಿ ನೆಲಕ್ಕಿಳಿದಾನು.