ಕೋಳಿನಿದ್ದೆ ಮಾಡುವ ಲ್ಯಾಪ್‌ಟಾಪ್

ಈಗ ಕೇಳುತ್ತಿರುವವರಿಗೂ, ಆಮೇಲೆ ಇ-ಪತ್ರಿಕೆಯಲ್ಲಿ ಓದುವವರಿಗೂ ಇವತ್ತು ಒಂದೇ ವಿಷಯ. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಮುಚ್ಚಿಟ್ಟ ಲ್ಯಾಪ್‌ಟಾಪ್ ಬೆಳಿಗ್ಗೆ ತೆಗೆದರೆ ಖಾಲಿ ಆಗಿರುತ್ತದಲ್ಲ, ಯಾಕೆ?

ಹೆಚ್ಚಿನವರು ತಕ್ಷಣ ಹೇಳುವುದು, "ಬ್ಯಾಟರಿ ಹೋಯಿತು, ಹೊಸದು ಹಾಕಿಸಬೇಕು." ಸ್ವಲ್ಪ ತಡೆಯಿರಿ. ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಅದರ ಆರೋಗ್ಯ ನೋಡುವುದಕ್ಕೆ ಎರಡು ನಿಮಿಷ ಸಾಕು, ಖರ್ಚೂ ಇಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪವರ್ ಅನ್ನುವ ಪದಕ್ಕೆ ಸಿ, ಎಫ್, ಜಿ ಮೂರಕ್ಷರ ಅಂಟಿಸಿ ಟೈಪ್ ಮಾಡಿ. ಒಂದು ಜಾಗ ಬಿಟ್ಟು ಓರೆಗೆರೆ, ಅದರ ಬೆನ್ನಿಗೇ ಬ್ಯಾಟರಿರಿಪೋರ್ಟ್ ಅಂತ ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಒಂದು ಫೈಲ್ ತಯಾರಾಗುತ್ತದೆ, ಅದು ಎಲ್ಲಿದೆ ಅಂತಲೂ ಅಲ್ಲೇ ತೋರಿಸುತ್ತದೆ. ಬ್ರೌಸರ್‌ನಲ್ಲಿ ತೆರೆದು ಎರಡು ಅಂಕಿ ಹುಡುಕಿ: ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ. ಹುಟ್ಟಿದಾಗ 50,000 ಇದ್ದದ್ದು ಈಗ 41,000 ಇದ್ದರೆ 82 ಶೇಕಡಾ ಉಳಿದಿದೆ ಅಂತ ಅರ್ಥ. ಆ ಬ್ಯಾಟರಿಗೆ ಏನೂ ಆಗಿಲ್ಲ. 21,000ಕ್ಕೆ ಇಳಿದಿದ್ದರೆ ಮಾತ್ರ ಹೊಸದನ್ನು ಹುಡುಕಿ. ಮ್ಯಾಕ್ ಇರುವವರಿಗೆ ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗದಲ್ಲೇ ಇದು ಸಿಗುತ್ತದೆ.

ಬ್ಯಾಟರಿ ಗಟ್ಟಿಯಾಗಿದ್ದೂ ಬೆಳಗಾಗುವಷ್ಟರಲ್ಲಿ ಖಾಲಿಯಾದರೆ, ತೊಂದರೆ ನಿದ್ದೆಯದು.

ಹಳೆಯ ಲ್ಯಾಪ್‌ಟಾಪ್‌ಗಳನ್ನು ಮುಚ್ಚಿದರೆ ಮೆಮೊರಿಗೆ ಒಂದಿಷ್ಟು ವಿದ್ಯುತ್ ಬಿಟ್ಟು ಮಿಕ್ಕಿದ್ದೆಲ್ಲ ಆರುತ್ತಿತ್ತು. ಆ ನಿದ್ದೆಗೆ ಎಸ್-3 ಅಂತ ಹೆಸರು. 2012ರಲ್ಲಿ ವಿಂಡೋಸ್ 8 ಬಂದಾಗ ಇನ್ನೊಂದು ಬಗೆ ಶುರುವಾಯಿತು, ವಿಂಡೋಸ್ 10ರ ಕಾಲಕ್ಕೆ ಅದಕ್ಕೆ ಮಾಡರ್ನ್ ಸ್ಟ್ಯಾಂಡ್‌ಬೈ ಅಂತ ಹೆಸರಾಯಿತು. ಫೋನಿನ ಹಾಗೆ ತೆರೆ ಆರಿರುತ್ತದೆ, ಒಳಗೆ ಮಾತ್ರ ಅರ್ಧ ಎಚ್ಚರ. ಮೇಲ್ ಬಂತೇ, ಅಪ್‌ಡೇಟ್ ಬಂತೇ ಅಂತ ಆಗಾಗ ಕಣ್ಣು ಬಿಟ್ಟು ನೋಡುತ್ತದೆ. ನಮ್ಮ ಕಡೆ ಕೋಳಿನಿದ್ದೆ ಅನ್ನುತ್ತೇವಲ್ಲ, ಅದೇ. ಫೋನಿಗೆ ಇದು ಒಪ್ಪುತ್ತದೆ. ಲ್ಯಾಪ್‌ಟಾಪ್‌ಗೆ ಇದನ್ನು ತಂದದ್ದು ನನ್ನ ಮಟ್ಟಿಗೆ ಬೇಡದ ಉಪಕಾರ.

ಲೆಕ್ಕ ನೋಡಿ. ಬ್ಯಾಟರಿ 50 ವ್ಯಾಟ್-ಅವರ್ ಅಂದುಕೊಳ್ಳಿ. ಚೆನ್ನಾಗಿ ಮಲಗಿದ ಯಂತ್ರ ಅರ್ಧ ವ್ಯಾಟ್ ತಿಂದರೆ 8 ಗಂಟೆಗೆ ಹೋಗುವುದು 4, ಅಂದರೆ 8 ಶೇಕಡಾ. ಯಾವುದೋ ಒಂದು ಡ್ರೈವರ್ ಅದನ್ನು ಮಲಗಲು ಬಿಡದೆ 5 ವ್ಯಾಟ್ ತಿನ್ನಿಸಿದರೆ 40, ಅಂದರೆ 80 ಶೇಕಡಾ ಮಾಯ! ಅದೂ ಬ್ಯಾಗಿನೊಳಗಿದ್ದರೆ ಗಾಳಿಯಾಡದೆ ಬಿಸಿಯಾಗುತ್ತದೆ, ಆ ಬಿಸಿ ಬ್ಯಾಟರಿಯ ಆಯುಷ್ಯವನ್ನೇ ತಿನ್ನುತ್ತದೆ. ನಿದ್ದೆಯ ತೊಂದರೆ ಕಡೆಗೆ ಬ್ಯಾಟರಿಯ ತೊಂದರೆ ಆಗುವುದು ಹೀಗೆ.

ಕಳ್ಳನನ್ನು ಹಿಡಿಯುವುದಕ್ಕೂ ಅದೇ ಕಮಾಂಡ್. ಈ ಸಲ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಓರೆಗೆರೆಯ ನಂತರ ಸ್ಲೀಪ್‌ಸ್ಟಡಿ ಅಂತ ಬರೆಯಿರಿ. ಕಳೆದ ಕೆಲವು ದಿನ ಯಂತ್ರ ಯಾವಾಗ ಮಲಗಿತು, ಎಷ್ಟು ಶೇಕಡಾ ಕಳೆದುಕೊಂಡಿತು, ಯಾರು ಎಬ್ಬಿಸಿಟ್ಟರು ಅಂತ ಪಟ್ಟಿ ಬರುತ್ತದೆ. ಯಂತ್ರ ತಾನಾಗಿ ಮಲಗುವುದೇ ಇಲ್ಲವೆಂದರೆ ರಿಕ್ವೆಸ್ಟ್ಸ್ ಅಂತ ಬರೆದು ನೋಡಿ, ಅಡ್ಡ ನಿಂತಿರುವವರ ಹೆಸರು ಸಿಗುತ್ತದೆ. ಅಲ್ಲಿ ಆಡಿಯೋ ಡ್ರೈವರ್ ಕಂಡರೆ ಗಾಬರಿಯಾಗಬೇಡಿ. ಯಾವುದೋ ಟ್ಯಾಬ್‌ನಲ್ಲಿ ನಮ್ಮ ರೇಡಿಯೋನೇ ಹಾಡುತ್ತಿರಬಹುದು!

ವೈ-ಫೈ ಅಥವಾ ಗ್ರಾಫಿಕ್ಸ್ ಹೆಸರು ಮತ್ತೆ ಮತ್ತೆ ಬಂದರೆ ಡ್ರೈವರ್ ಕಡೆ ಹೋಗಿ. ಹೋದ ವಾರದವರೆಗೆ ಸರಿಯಿತ್ತು, ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಅನ್ನುವುದಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್ ತೆರೆದು ಡ್ರೈವರ್ ಭಾಗದಲ್ಲಿ ರೋಲ್ ಬ್ಯಾಕ್ ಒತ್ತಿ, ಹಿಂದಿನದು ವಾಪಸ್ ಬರುತ್ತದೆ. ಆ ಗುಂಡಿ ಮಸುಕಾಗಿದ್ದರೆ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಜಾಲತಾಣಕ್ಕೆ ಹೋಗಿ, ಯಂತ್ರದ ತಳದಲ್ಲಿರುವ ಸೀರಿಯಲ್ ನಂಬರ್ ಕೊಟ್ಟು ಅದಕ್ಕೆಂದೇ ಇರುವ ಡ್ರೈವರ್ ಇಳಿಸಿಕೊಳ್ಳಿ. ಅಲ್ಲಿ ಬಯಾಸ್ ಅಪ್‌ಡೇಟ್ ಕೂಡ ಇದ್ದರೆ ಚಾರ್ಜರ್ ಚುಚ್ಚಿಯೇ ಹಾಕಿ, ಮುಗಿಯುವವರೆಗೆ ಕೈ ಹಚ್ಚಬೇಡಿ. "ನಿಮ್ಮ ಎಲ್ಲ ಡ್ರೈವರ್‌ಗಳನ್ನು ಒಂದೇ ಕ್ಲಿಕ್‌ನಲ್ಲಿ ಸರಿಮಾಡುತ್ತೇವೆ" ಅನ್ನುವ ತಂತ್ರಾಂಶಗಳನ್ನು ಬಾಗಿಲ ಆಚೆಯೇ ನಿಲ್ಲಿಸಿ. ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಅಂತ ತಾವಾಗಿ ಫೋನ್ ಮಾಡುವವರನ್ನಂತೂ ಮಾತಿಗೇ ಬಿಡಬೇಡಿ.

ಇದೆಲ್ಲ ತಲೆನೋವು ಅನ್ನುವವರಿಗೆ ಒಂದು ಸುಲಭದ ದಾರಿ ಇದೆ: ಹೈಬರ್ನೇಟ್. ಇದು ಕುಂಭಕರ್ಣನ ನಿದ್ದೆ. ಮೆಮೊರಿಯಲ್ಲಿ ಇರುವುದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಹೆಚ್ಚುಕಡಿಮೆ ಪೂರ್ತಿ ಆರುತ್ತದೆ. ಏಳುವುದಕ್ಕೆ ಕೆಲವು ಸೆಕೆಂಡ್ ಹೆಚ್ಚು ಬೇಕು, ಅಷ್ಟೇ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಮುಚ್ಚಳ ಹಾಕಿದಾಗ ಏನು ಮಾಡಬೇಕು ಅನ್ನುವಲ್ಲಿ ಹೈಬರ್ನೇಟ್ ಆರಿಸಿ. ಆಯ್ಕೆಯೇ ಕಾಣದಿದ್ದರೆ ಅದೇ ಕಮಾಂಡ್‌ಗೆ ಓರೆಗೆರೆ ಹಾಕಿ ಹೈಬರ್ನೇಟ್, ಜಾಗ ಬಿಟ್ಟು ಆನ್ ಅಂತ ಬರೆಯಿರಿ.

ನಮ್ಮ ಮಿಶಿಗನ್ ಚಳಿಯ ಬಗ್ಗೆಯೂ ಒಂದು ಮಾತು. ಜನವರಿ ರಾತ್ರಿ 10 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ 12 ಸೆಲ್ಸಿಯಸ್ ಕೆಳಗೆ, ನಮಗೆ ಸುದ್ದಿಯೇ ಅಲ್ಲ. ಲ್ಯಾಪ್‌ಟಾಪ್ ಕಾರಿನಲ್ಲೇ ಉಳಿದಿದ್ದರೆ ಒಳಗೆ ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಮ್ ಒಳಗೆ ಇಂಗದೆ ಮೇಲ್ಮೈ ಮೇಲೆ ಲೋಹವಾಗಿ ಕೂರುತ್ತದೆ, ಆ ಹಾನಿ ವಾಪಸ್ ಬರುವುದಿಲ್ಲ. ಮನೆಯ ಬೆಚ್ಚಗಿಗೆ ಬರುವವರೆಗೆ ಒಂದೆರಡು ಗಂಟೆ ಬಿಡಿ. ಒಳಗೆ ಕೂತ ನೀರಿನ ಪಸೆಯೂ ಅಷ್ಟರಲ್ಲಿ ಆರುತ್ತದೆ.

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿ ಮೇಜಿನ ಮೇಲೆ ಅಲುಗಾಡುತ್ತಿದ್ದರೆ ಈ ಯಾವ ಕಮಾಂಡೂ ಬೇಡ. ಬ್ಯಾಟರಿ ಊದಿಕೊಂಡಿದೆ. ಚಾರ್ಜರ್ ಕಿತ್ತು ಆರಿಸಿ, ಒತ್ತಬೇಡಿ, ಚುಚ್ಚಬೇಡಿ, ಮನೆಯ ಕಸದ ಡಬ್ಬಿಗೂ ಹಾಕಬೇಡಿ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಒಯ್ಯುವ ಮೊದಲು, ಊದಿದ ಬ್ಯಾಟರಿ ಅಂತ ಹೇಳಿ ಕೇಳಿಕೊಳ್ಳಿ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ಹಳೇ ಲ್ಯಾಪ್‌ಟಾಪ್ ಊರಿಗೆ ಒಯ್ದು ಅಪ್ಪ ಅಮ್ಮನಿಗೆ ಕೊಡುವುದು ರೂಢಿ. ಅಲ್ಲಿ ಕರೆಂಟ್ ಹೋದಾಗ ಬ್ಯಾಟರಿ ಇದ್ದರೇನೇ ಅವರಿಗೆ ನಮ್ಮ ಮುಖ ಕಾಣುವುದು. ಕೆಟ್ಟರೆ "ಇರಲಿ ಬಿಡು, ಫೋನಲ್ಲೇ ಮಾತಾಡೋಣ" ಅಂದುಬಿಡುತ್ತಾರೆ, ಮೊಮ್ಮಗಳ ಹಾಡು ಸಣ್ಣ ತೆರೆಯಲ್ಲಿ ಕಾಣದೆ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಾರೆ. ಆದ್ದರಿಂದ ಇಲ್ಲಿಂದ ಹೊರಡುವ ಮೊದಲೇ ಬ್ಯಾಟರಿ ರಿಪೋರ್ಟ್ ನೋಡಿ, ಮುಚ್ಚಳಕ್ಕೆ ಹೈಬರ್ನೇಟ್ ಹಾಕಿ, ಎರಡು ರಾತ್ರಿ ಪರೀಕ್ಷೆ ಮಾಡಿ. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಇದೆಯೇ ಓದಿಕೊಳ್ಳಿ. ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ವಿಮಾನದ ಚೆಕ್-ಇನ್ ಪೆಟ್ಟಿಗೆಯಲ್ಲಿ ಅದಕ್ಕೆ ಅವಕಾಶ ಇಲ್ಲ.